ದೇವರಿಗೆ ಮೊದಲನೆಯ ಸ್ಥಳ

ಓದತಕ್ಕ ವೇದಭಾಗಗಳು: ಲೂಕ ೧೦: ೩೮–೪೨, ಲೂಕ ೧೪: ೧–೨೪, ಹಗ್ಗಾಯ ೧, ಮಾರ್ಕ ೧: ೩೨–೩೯.



ಮೊದಲನೆಯ ಮಳೆ ಬಿದ್ದು ಹೊಲವು ಹದಕ್ಕೆ ಬಂತೆಂದರೆ ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಸಂಗತಿಯು ಕಂಡುಬರುವದು. ಹಿಂದಿನ ವಾರದ ತನಕ ತುಂಬಿದ್ದ ದೇವಾಲಯದಲ್ಲಿ ಅರ್ಧ ಚಾಪೆಗಳು ಬರಿದಾಗಿರುವವು. ಸಾಯಂಕಾಲದ ಪ್ರಾರ್ಥನೆಗೆ ಗಂಟೆ ಬಾರಿಸಿದರೆ ಇಬ್ಬರು ಮುದುಕಿಯರೂ ನಾಲ್ಕು ಮಂದಿ ಮಕ್ಕಳೂ ಬಂದು ಕೂತಿರುವರು. ಬಾರದವರಲ್ಲಿ ಯಾರೂ ಕರ್ತನನ್ನು ಬಿಟ್ಟವರಲ್ಲ, ವಿಗ್ರಹಗಳ ಕಡೆಗೆ ತಿರುಗಿದವರೂ ಅಲ್ಲ. ಉಪದೇಶಿಯು ಅವರ ಬಾಗಿಲಿಗೆ ಹೋಗಿ ವಿಚಾರಿಸಿದರೆ, ಅವರು ತಲೆ ತಗ್ಗಿಸಿ, "ಅಯ್ಯನವರೇ, ಕೆಲಸ" ಎಂದು ಹೇಳುವರು. ಆ ಮಾತು ಸುಳ್ಳಲ್ಲ. ಹೊಲವು ಕಾಯುವದಿಲ್ಲ, ಎತ್ತುಗಳು ಕಾಯುವದಿಲ್ಲ, ಸಾಲ ಕೊಟ್ಟವನಂತೂ ಕಾಯುವದೇ ಇಲ್ಲ. ಹೀಗಿರಲಾಗಿ, ಕಾಯುವವನು ದೇವರೊಬ್ಬನೇ ಎಂದು ನೆನಸಿ, ನಾವು ಆತನನ್ನು ಎಲ್ಲರ ಹಿಂದೆ ಕಡೆಯಲ್ಲಿ ನಿಲ್ಲಿಸುತ್ತೇವೆ.

ದೇವರನ್ನು ಬಿಡದೆಯೇ ಆತನನ್ನು ಹಿಂದಕ್ಕೆ ತಳ್ಳುವದು ಹೇಗೆ ಆಗುತ್ತದೆ? ದಿನದ ಕೆಲಸವನ್ನು ಬಿಡದೆಯೇ ಆತನಿಗೆ ಮೊದಲನೆಯ ಸ್ಥಳವನ್ನು ಕೊಡುವದು ಹೇಗೆ? ಈ ಎರಡು ಪ್ರಶ್ನೆಗಳನ್ನು ನಾವು ಈ ಪಾಠದಲ್ಲಿ ಸತ್ಯವೇದದ ಬೆಳಕಿನಿಂದ ಆಲೋಚಿಸೋಣ.

೧. ಔತಣವನ್ನು ತಪ್ಪಿಸಿದ ಮೂರು ಒಳ್ಳೇ ಕೆಲಸಗಳು

ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ನಮ್ಮ ಸ್ವಾಮಿಯು ಒಂದು ದೊಡ್ಡ ಔತಣದ ಸಾಮ್ಯವನ್ನು ಹೇಳಿದನು. ಆ ದೇಶದ ಪದ್ಧತಿಯಲ್ಲಿ ದೊಡ್ಡ ಔತಣಕ್ಕೆ ಎರಡು ಸಾರಿ ಕರೆಯುತ್ತಿದ್ದರು. ಮೊದಲು ಆಮಂತ್ರಣ ಕೊಟ್ಟು ಒಪ್ಪಿಗೆ ಪಡೆಯುವರು. ಅಡಿಗೆ ಸಿದ್ಧವಾದ ಮೇಲೆ ಆಳನ್ನು ಕಳುಹಿಸಿ ತಿರಿಗಿ ಕರೆಯುವರು. ಆದಕಾರಣ ಎರಡನೆಯ ಕರೆಗೆ ಬಾರದೆ ಹೋದವರು ಆಮಂತ್ರಣವನ್ನು ಕೇಳದ ಪರರಲ್ಲ, ಮೊದಲೇ ಕರೆಯಲ್ಪಟ್ಟವರು. ದೀಕ್ಷಾಸ್ನಾನದ ದಿನದಲ್ಲಿ ಸಭೆಯ ಮುಂದೆ ನಿಂತು ಒಪ್ಪಿಕೊಂಡ ನಾವು ಇದನ್ನು ಚೆನ್ನಾಗಿ ಗಮನಿಸತಕ್ಕದ್ದು.

ಅವರು ಹೇಳಿದ ನೆವಗಳು ಯಾವವು? ಒಬ್ಬನು ಹೊಲವನ್ನು ಕೊಂಡುಕೊಂಡಿದ್ದನು. ಇನ್ನೊಬ್ಬನು ಐದು ಜೋಡಿ ಎತ್ತುಗಳನ್ನು ಕೊಂಡುಕೊಂಡಿದ್ದನು. ಮತ್ತೊಬ್ಬನು ಮದುವೆ ಮಾಡಿಕೊಂಡಿದ್ದನು. ಹೊಲ, ಎತ್ತು, ಮದುವೆ! ಇವು ಮೂರೂ ನಮ್ಮ ಊರಿನ ಮಾತುಗಳಲ್ಲವೋ? ಕಳ್ಳತನವಾಗಲಿ, ಕುಡಿತವಾಗಲಿ, ಜಗಳವಾಗಲಿ ಅವರನ್ನು ಔತಣದಿಂದ ತಪ್ಪಿಸಲಿಲ್ಲ. ಹೊಲವನ್ನು ಕೊಟ್ಟವನು ದೇವರು, ದನಗಳನ್ನು ಹುಟ್ಟಿಸಿದವನು ದೇವರು, ಮದುವೆಯನ್ನು ನೇಮಿಸಿದವನೂ ದೇವರೇ. ದೇವರ ದಾನಗಳೇ ದೇವರ ಕರೆಗೆ ಅಡ್ಡವಾಗಿ ನಿಂತವು.

ಇನ್ನೊಂದು ಮಾತನ್ನು ನೋಡಿರಿ. ಮೊದಲಿನ ಇಬ್ಬರು ಮರ್ಯಾದೆಯಿಂದ ಕ್ಷಮೆ ಕೇಳಿಕೊಂಡರು. ಮೂರನೆಯವನು ಅಷ್ಟನ್ನೂ ಮಾಡದೆ, ಬರಲಾರೆನೆಂದು ಹೇಳಿಬಿಟ್ಟನು. ಹೊಸದಾಗಿ ಮದುವೆಯಾದವನನ್ನು ಒಂದು ವರ್ಷದ ವರೆಗೆ ಯುದ್ಧಕ್ಕೆ ಕಳುಹಿಸಬಾರದೆಂಬ ವಿಧಿಯು ಮೋಶೆಯ ಧರ್ಮಶಾಸ್ತ್ರದಲ್ಲಿ ಇತ್ತು ನಿಜ (ಧರ್ಮೋಪದೇಶಕಾಂಡ ೨೪: ೫). ಆದರೆ ಆ ವಿಧಿಯು ಯುದ್ಧಕ್ಕೇ ಹೊರತು ಔತಣಕ್ಕಲ್ಲ. ಮನಸ್ಸಿಲ್ಲದವನಿಗೆ ವೇದವಾಕ್ಯವೂ ಒಂದು ನೆವವಾಗಿ ಸಿಕ್ಕುವದು.

ಆ ಮೇಲೆ ಬಂದು ಪಂಕ್ತಿಯಲ್ಲಿ ಕೂತವರು ಯಾರು? ಬೀದಿಗಳಿಂದಲೂ ಸಂದಿಗಳಿಂದಲೂ ಬೇಲಿಗಳ ಬಳಿಯಿಂದಲೂ ಕರತರಲ್ಪಟ್ಟ ಬಡವರು. ನಮ್ಮ ಸಭೆಗಳ ಚರಿತ್ರೆಯನ್ನು ಬಲ್ಲವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ಅಜ್ಜಂದಿರಲ್ಲಿ ಅನೇಕರು ಊರ ಹೊರಗಿನಿಂದ ಕರೆಯಲ್ಪಟ್ಟವರು. ಅವರಿಗೆ ಹೊಲವಿರಲಿಲ್ಲ, ಎತ್ತುಗಳಿರಲಿಲ್ಲ. ಕರೆ ಬಂದಾಗ ಅವರು ಬರಿಗೈಯಿಂದ ಓಡಿ ಬಂದರು. ದೇವರು ದಯಮಾಡಿ ಮೊಮ್ಮಕ್ಕಳಾದ ನಮಗೆ ಒಂದೆರಡು ಎಕರೆ ಭೂಮಿಯನ್ನೋ ಒಂದು ಉದ್ಯೋಗವನ್ನೋ ಕೊಟ್ಟಿದ್ದಾನೆ. ಈಗ ನಾವು ಪಂಕ್ತಿಯಿಂದ ಎದ್ದು ಹೋಗಿ, ಆ ಮೊದಲಿನವರ ಮಾತುಗಳನ್ನೇ ಕಲಿತುಕೊಳ್ಳಬಹುದೋ?

೨. ಮಾರ್ಥಳ ಅಡಿಗೆಯ ಮನೆ

ಯೆರೂಸಲೇಮಿಗೆ ಸುಮಾರು ಎರಡು ಮೈಲಿ ದೂರದಲ್ಲಿ ಬೇಥಾನ್ಯವೆಂಬ ಹಳ್ಳಿ ಇತ್ತು. ಅಲ್ಲಿ ಮಾರ್ಥಳು, ಮರಿಯಳು, ಲಾಜರನು ಎಂಬ ಒಡಹುಟ್ಟಿದವರು ವಾಸಿಸುತ್ತಿದ್ದರು. ಯೇಸು ಸ್ವಾಮಿಯನ್ನು ಮನೆಗೆ ಬರಮಾಡಿಕೊಂಡವಳು ಮಾರ್ಥಳೇ ಎಂದು ಲೂಕನು ಬರೆದಿದ್ದಾನೆ. ಅವಳನ್ನು ಸೋಮಾರಿಯೆಂದಾಗಲಿ ನಂಬಿಕೆಯಿಲ್ಲದವಳೆಂದಾಗಲಿ ಯಾರೂ ಹೇಳಲಾರರು. ಸ್ವಾಮಿಯು ಅವಳನ್ನು ಪ್ರೀತಿಸುತ್ತಿದ್ದನೆಂದು ಯೋಹಾನನು ಅವಳ ಹೆಸರನ್ನು ಮೊದಲಿಟ್ಟು ತಿಳಿಸುತ್ತಾನೆ (ಯೋಹಾನ ೧೧: ೫).

ಆದರೂ ಆ ದಿನ ಅವಳ ಮನಸ್ಸಿಗೆ ಏನಾಯಿತು? ಲೂಕನು ಅವಳ ಸ್ಥಿತಿಯನ್ನು ಹೇಳುವಾಗ ಉಪಯೋಗಿಸಿದ ಗ್ರೀಕ್ ಮಾತಿಗೆ, ಸುತ್ತಲೂ ಎಳೆಯಲ್ಪಡುವದು ಎಂಬ ಅರ್ಥವಿದೆ. ಒಲೆಯು ಅವಳನ್ನು ಒಂದು ಕಡೆಗೆ ಎಳೆಯಿತು, ನೀರಿನ ಕೊಡವು ಇನ್ನೊಂದು ಕಡೆಗೆ, ಅತಿಥಿಗಳ ಸಂಖ್ಯೆಯು ಮತ್ತೊಂದು ಕಡೆಗೆ. ಸ್ವಾಮಿಯು ಅವಳ ಚಿಂತೆಯನ್ನು ಕುರಿತು ಹೇಳಿದ ಮಾತು, ಬೆಟ್ಟದ ಮೇಲಣ ಪ್ರಸಂಗದಲ್ಲಿ ಊಟಬಟ್ಟೆಗಳ ಚಿಂತೆಯನ್ನು ಬೇಡವೆಂದು ಹೇಳುವಾಗ ಉಪಯೋಗಿಸಿದ ಮಾತೇ ಆಗಿದೆ. ನಮ್ಮ ಹಿರಿಯರು ಕಣದಲ್ಲಿ ತೆನೆ ತುಳಿಸುವಾಗ ನಡುವೆ ಒಂದು ಮೇಟಿಯನ್ನು ನೆಟ್ಟು, ಎತ್ತುಗಳನ್ನು ಅದಕ್ಕೆ ಕಟ್ಟಿ ಸುತ್ತಿಸುತ್ತಿದ್ದರು. ಮೇಟಿ ಗಟ್ಟಿಯಾಗಿದ್ದರೆ ಎತ್ತುಗಳು ದಿನವೆಲ್ಲಾ ಸುತ್ತಿದರೂ ಕಾಳು ಬೇರೆಯಾಗುವದು. ಮೇಟಿ ಕಿತ್ತುಹೋದರೆ ಅದೇ ಎತ್ತುಗಳು, ಅದೇ ಶಕ್ತಿಯಿಂದ, ರಾಶಿಯನ್ನೆಲ್ಲಾ ಚೆಲ್ಲಾಡಿಬಿಡುವವು. ಮಾರ್ಥಳ ಕೆಲಸವು ಕೆಟ್ಟದ್ದಾಗಿರಲಿಲ್ಲ. ಆ ಹೊತ್ತಿಗೆ ಮೇಟಿಯು ಸಡಿಲವಾಗಿತ್ತು.

ಇದರ ಗುರುತನ್ನು ನಾವು ಎಲ್ಲಿ ಕಾಣುತ್ತೇವೆ? ಅವಳ ದೂರಿನಲ್ಲಿ. ಸೇವೆಯಲ್ಲಿದ್ದವಳು ಮೊದಲು ತಂಗಿಯ ಮೇಲೆ ಸಿಟ್ಟಾದಳು. ತರುವಾಯ ಸ್ವಾಮಿಗೆ ತನ್ನ ಮೇಲೆ ಲಕ್ಷ್ಯವಿಲ್ಲವೆಂದು ಆತನ ಮೇಲೆಯೇ ತಪ್ಪು ಹೊರಿಸಿದಳು. ಪ್ರಿಯರೇ, ನಮ್ಮ ಕೆಲಸವು ದೇವರ ಸ್ಥಳವನ್ನು ಹಿಡಿದುಕೊಂಡಿತೋ ಇಲ್ಲವೋ ಎಂದು ತಿಳಿಯಬೇಕಾದರೆ ನಾವು ಎಷ್ಟು ದುಡಿಯುತ್ತೇವೆಂದು ಲೆಕ್ಕ ಹಾಕುವದು ಬೇಡ. ನಮ್ಮ ಮನೆಯವರ ಸಂಗಡ ಯಾವ ದನಿಯಿಂದ ಮಾತಾಡುತ್ತೇವೆಂದು ಕೇಳಿಕೊಳ್ಳೋಣ. ಪ್ರಾರ್ಥನೆಯು ಒಣಗಿದ ಮನೆಯಲ್ಲಿ ಗೊಣಗುಟ್ಟುವಿಕೆಯು ಬೇಗನೆ ಚಿಗುರುವದು.

೩. "ಮೊದಲು" ಎಂಬುವದರ ಅರ್ಥವೇನು?

ದೇವರಿಗೆ ಮೊದಲನೆಯ ಸ್ಥಳವೆಂದರೆ ಹೊತ್ತೆಲ್ಲಾ ದೇವಾಲಯದಲ್ಲಿ ಕೂತಿರುವದೆಂದು ಕೆಲವರು ತಿಳಿದು ಹೆದರುವರು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಸತ್ಯವೇದವು ಅಲ್ಲಗಳೆಯುವದಿಲ್ಲ. ಕೆಲಸ ಮಾಡಲೊಲ್ಲದವನು ಊಟಕ್ಕೆ ಬಾರದಿರಲಿ ಎಂದು ಪೌಲನೇ ಥೆಸಲೋನಿಕದವರಿಗೆ ಖಂಡಿತವಾಗಿ ತಿಳಿಸಿದನು. ಅವನು ತಾನೂ ಗುಡಾರ ಮಾಡುವ ಕಸಬಿನಿಂದ ಜೀವಿಸಿದನು.

ಹಾಗಾದರೆ ಮೊದಲು ಎಂದರೇನು? ಉಳುವವನು ಮೊದಲನೆಯ ಸಾಲನ್ನು ಹೊಡೆಯುವದನ್ನು ನೋಡಿರಿ. ಆ ಒಂದು ಸಾಲು ಇಡೀ ಹೊಲವಲ್ಲ, ಹೊಲದಲ್ಲಿ ಒಂದು ಸಣ್ಣ ಪಾಲು ಮಾತ್ರ. ಆದರೆ ಮಿಕ್ಕ ಸಾಲುಗಳೆಲ್ಲಾ ಅದನ್ನು ನೋಡಿ ನಡೆಯುವವು. ಅದು ನೆಟ್ಟಗಿದ್ದರೆ ಎಲ್ಲವೂ ನೆಟ್ಟಗಾಗುವವು, ಡೊಂಕಾದರೆ ಎಲ್ಲವೂ ಡೊಂಕಾಗುವವು. ದೇವರಿಗೆ ಕೊಡುವ ಮೊದಲಿನ ಹೊತ್ತು, ಮೊದಲಿನ ಪಾಲು, ಮೊದಲಿನ ಆಲೋಚನೆ ಇವು ಹಾಗೆಯೇ. ಅವು ಸ್ವಲ್ಪವಾಗಿದ್ದರೂ ಉಳಿದ ದಿನಕ್ಕೂ ಉಳಿದ ಹಣಕ್ಕೂ ದಾರಿ ತೋರಿಸುವವು.

ನಮ್ಮ ಸ್ವಾಮಿಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣುತ್ತೇವೆ. ಕಪೆರ್ನೌಮಿನಲ್ಲಿ ಒಂದು ಸಾಯಂಕಾಲ ಊರಿನವರೆಲ್ಲಾ ರೋಗಿಗಳನ್ನು ಹೊತ್ತುಕೊಂಡು ಆತನ ಬಾಗಿಲಲ್ಲಿ ಕೂಡಿದರು. ಅಂಥಾ ದಣಿವಿನ ದಿನದ ಮರುದಿನ, ಇನ್ನೂ ಕತ್ತಲಿರುವಾಗಲೇ, ಆತನು ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ಆತನನ್ನು ಹುಡುಕುತ್ತಿದ್ದಾರೆಂದು ತಿಳಿಸಿದರು. ಆದರೆ ಆತನು ಆ ಕೂಗಿಗೆ ಓಡಿ ಹೋಗದೆ, ಬೇರೆ ಊರುಗಳಲ್ಲಿಯೂ ಸಾರುವದಕ್ಕೆ ಹೊರಟನು. ಪ್ರಾರ್ಥನೆಯು ಆತನ ಕೆಲಸವನ್ನು ಕಡಮೆ ಮಾಡಲಿಲ್ಲ. ಯಾವ ಕೆಲಸವನ್ನು ಕೈಕೊಳ್ಳಬೇಕು, ಯಾವದನ್ನು ಬಿಡಬೇಕು ಎಂಬುವದನ್ನು ನಿಶ್ಚಯ ಮಾಡಿತು.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ಹಗ್ಗಾಯನ ಪುಸ್ತಕದಲ್ಲಿದೆ. ಪಾರಸಿಯ ಅರಸನಾದ ಕೋರೆಷನು ಕ್ರಿ.ಪೂ. ೫೩೮ರಲ್ಲಿ ಅಪ್ಪಣೆ ಕೊಟ್ಟ ಮೇಲೆ ಯೆಹೂದ್ಯರು ಬಾಬೆಲಿನ ಸೆರೆಯಿಂದ ಹಿಂದಿರುಗಿ ದೇವಾಲಯದ ಅಸ್ತಿವಾರವನ್ನು ಹಾಕಿದರು. ವಿರೋಧಿಗಳು ಅಡ್ಡಿ ಮಾಡಲು ಕೆಲಸವು ನಿಂತಿತು. ಅಡ್ಡಿಯು ಒಂದು ಕಾರಣ. ಆದರೆ ವರ್ಷಗಳು ಕಳೆದಂತೆ ಜನರು ತಮ್ಮ ಸ್ವಂತ ಮನೆಗಳಿಗೆ ಹಲಗೆ ಹೊದಿಸುವದರಲ್ಲಿ ಮಗ್ನರಾದರು. ದೇವಾಲಯ ಬೇಡವೆಂದು ಅವರು ಹೇಳಲಿಲ್ಲ, ಸಮಯವು ಇನ್ನೂ ಬಂದಿಲ್ಲವೆಂದರು. ಕ್ರಿ.ಪೂ. ೫೨೦ರಲ್ಲಿ ಪ್ರವಾದಿಯು ಎದ್ದು, ಅವರ ಸಂಬಳವು ತೂತಿನ ಚೀಲಕ್ಕೆ ಬಿದ್ದಂತಾಗಿದೆ ಎಂದು ಎಚ್ಚರಿಸಿದನು. ಇಪ್ಪತ್ತಮೂರು ದಿನಗಳಲ್ಲಿ ಜನರು ಕೆಲಸಕ್ಕೆ ಕೈ ಹಾಕಿದರು, ಕ್ರಿ.ಪೂ. ೫೧೫ರಲ್ಲಿ ಆಲಯವು ಪೂರ್ತಿಯಾಯಿತು. ವರ್ಷಗಟ್ಟಲೆ ಬಾರದಿದ್ದ ಸಮಯವು ಮನಸ್ಸು ತಿರುಗಿದ ಮೇಲೆ ಒಂದು ತಿಂಗಳೊಳಗೆ ಬಂತು!

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಆರಾಧನೆಗೆ ಹೋದರೆ ಮಳೆ ತಪ್ಪದೆ ಬೀಳುವದು, ಕಾಣಿಕೆ ಹಾಕಿದರೆ ಬೆಳೆ ಇಮ್ಮಡಿಯಾಗುವದು ಎಂದು ಯಾರೂ ವ್ಯಾಪಾರ ಮಾಡಬಾರದು. ಪರಲೋಕದ ತಂದೆಯು ನೀತಿವಂತರ ಮೇಲೆಯೂ ಅನೀತಿವಂತರ ಮೇಲೆಯೂ ಮಳೆ ಸುರಿಸುತ್ತಾನೆಂದು ಸ್ವಾಮಿಯೇ ಹೇಳಿದನು. ಮಳೆಗೋಸ್ಕರ ದೇವರನ್ನು ಮೊದಲಿಡುವವನು ನಿಜವಾಗಿ ಮಳೆಯನ್ನೇ ಮೊದಲಿಡುತ್ತಾನೆ.

೪. ಬಿತ್ತುವ ಕಾಲದ ಆದಿತ್ಯವಾರ

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಶನಿವಾರ ರಾತ್ರಿ ಹದವಾದ ಮಳೆ ಬಿತ್ತು. ಆದಿತ್ಯವಾರ ಬೆಳಿಗ್ಗೆ ನೆರೆಹೊರೆಯವರೆಲ್ಲಾ ಕೂರಿಗೆ ಹೂಡುತ್ತಿದ್ದಾರೆ. ಕ್ರೈಸ್ತನು ಏನು ಮಾಡಬೇಕು?

ದೇವರಿಗೆ ಒಕ್ಕಲುತನದ ಕಷ್ಟ ಗೊತ್ತಿಲ್ಲವೆಂದು ನೆನಸಬೇಡಿರಿ. ವಿಶ್ರಾಂತಿಯ ಆಜ್ಞೆಯನ್ನು ಕೊಡುವಾಗ ಆತನು ಉಳುವ ಕಾಲವನ್ನೂ ಕೊಯ್ಯುವ ಕಾಲವನ್ನೂ ಹೆಸರೆತ್ತಿ ಹೇಳಿ, ಆಗಲೂ ಅದನ್ನು ಕೈಕೊಳ್ಳಬೇಕೆಂದು ಇಸ್ರಾಯೇಲ್ಯರಿಗೆ ವಿಧಿಸಿದನು (ವಿಮೋಚನಕಾಂಡ ೩೪: ೨೧). ಬಿಡುವಿನ ಕಾಲದಲ್ಲಿ ಬಿಡುವು ತೆಗೆದುಕೊಳ್ಳುವದಕ್ಕೆ ಆಜ್ಞೆ ಯಾಕೆ ಬೇಕು? ಬಿಡುವಿಲ್ಲದ ದಿನದಲ್ಲಿಯೇ ನಾವು ಯಾರನ್ನು ನಂಬುತ್ತೇವೆಂಬುವದು ಬೈಲಾಗುವದು.

ಅದರಂತೆಯೇ ದೇವರ ಆಜ್ಞೆಯು ಕಲ್ಲಿನ ಹೃದಯದ್ದಲ್ಲ. ಸಬ್ಬತ್ತಿನಲ್ಲಿ ಬಾವಿಗೆ ಬಿದ್ದ ಎತ್ತನ್ನು ಮೇಲಕ್ಕೆ ಎತ್ತದವನು ಯಾರು ಎಂಬ ಅರ್ಥದಿಂದ ಸ್ವಾಮಿಯು ಫರಿಸಾಯರನ್ನು ಕೇಳಿದನು (ಲೂಕ ೧೪: ೫). ಹಸು ಈಯುತ್ತಿದೆ, ಮಗುವಿಗೆ ಜ್ವರ ಏರಿದೆ, ಕಣದ ರಾಶಿಯ ಮೇಲೆ ಅಕಾಲದ ಮಳೆ ಬರುತ್ತಿದೆ. ಇಂಥಾ ಸಮಯದಲ್ಲಿ ಮಾಡಬೇಕಾದದ್ದನ್ನು ಮಾಡುವವನ ಮೇಲೆ ಸಭೆಯು ದೋಷ ಹೊರಿಸಬಾರದು. ಆದರೆ ಎತ್ತು ಪ್ರತಿ ಆದಿತ್ಯವಾರವೂ ಬಾವಿಗೆ ಬೀಳುವದಿಲ್ಲ. ವಾರವಾರವೂ ಬೀಳುತ್ತಿದ್ದರೆ ಬಾವಿಗೆ ಕಟ್ಟೆ ಕಟ್ಟಿಸುವದು ಒಳ್ಳೇದು.

ಯಜಮಾನನ ಕೈಕೆಳಗೆ ಕೂಲಿ ಮಾಡುವವರ ಸಂಗತಿ ಬೇರೆ. ಅವರ ಹೊತ್ತು ಅವರ ಕೈಯಲ್ಲಿಲ್ಲ. ಅಂಥವರು ಧೈರ್ಯಗೆಡದೆ ಪೂರ್ವದ ವಿಶ್ವಾಸಿಗಳನ್ನು ಜ್ಞಾಪಿಸಿಕೊಳ್ಳಲಿ. ಕ್ರಿ.ಶ. ೧೧೨ರ ಸುಮಾರಿನಲ್ಲಿ ಪ್ಲಿನಿ ಎಂಬ ರೋಮನ್ ದೇಶಾಧಿಪತಿಯು, ಈಗಿನ ಟರ್ಕಿಗೆ ಸೇರಿದ ಬಿಥೂನ್ಯ ಸೀಮೆಯ ಕ್ರೈಸ್ತರನ್ನು ಕುರಿತು ತ್ರಾಯಾನ ಚಕ್ರವರ್ತಿಗೆ ಕಾಗದ ಬರೆದನು. ಆ ಕ್ರೈಸ್ತರು ಒಂದು ಗೊತ್ತಾದ ದಿನದಲ್ಲಿ ಬೆಳಗಾಗುವದಕ್ಕೆ ಮೊದಲೇ ಕೂಡಿ ಕ್ರಿಸ್ತನನ್ನು ದೇವರೆಂದು ಹಾಡಿ ಕೊಂಡಾಡುತ್ತಾರೆ, ಕಳ್ಳತನ ವ್ಯಭಿಚಾರ ಮುಂತಾದವುಗಳನ್ನು ಮಾಡುವದಿಲ್ಲವೆಂದು ಮಾತು ಕೊಡುತ್ತಾರೆ, ಆ ಮೇಲೆ ಚದರಿ ಹೋಗುತ್ತಾರೆ ಎಂದು ಅವನು ತಿಳಿಸಿದನು. ಅವನು ಹಿಡಿಸಿ ಹಿಂಸೆಪಡಿಸಿದವರಲ್ಲಿ ಇಬ್ಬರು ದಾಸಿಯರೂ, ಸಭೆಯ ಸೇವಕಿಯರೂ ಆಗಿದ್ದ ಸ್ತ್ರೀಯರು. ಆ ಕಾಲದಲ್ಲಿ ಆದಿತ್ಯವಾರಕ್ಕೆ ರಜೆ ಇರಲಿಲ್ಲ. ಕಾನ್‌ಸ್ಟಂಟೈನ್ ಚಕ್ರವರ್ತಿಯು ಕ್ರಿ.ಶ. ೩೨೧ರಲ್ಲಿ ಆ ದಿನ ಪಟ್ಟಣಗಳವರು ಕೆಲಸ ನಿಲ್ಲಿಸಬೇಕೆಂದು ಶಾಸನ ಮಾಡಿದಾಗಲೂ, ಬಿತ್ತುವ ಸಮಯವು ತಪ್ಪಿಹೋಗಬಾರದೆಂದು ಒಕ್ಕಲಿಗರಿಗೆ ಆ ಕಟ್ಟನ್ನು ಹಾಕಲಿಲ್ಲ. ಹೀಗೆ ಸುಮಾರು ಮುನ್ನೂರು ವರ್ಷ ದೇವರ ಸಭೆಯು ಬಿಡುವಿಗಾಗಿ ಕಾಯದೆ, ನಿದ್ರೆಯಿಂದ ಒಂದು ಗಳಿಗೆಯನ್ನು ಕಡಿದು ದೇವರಿಗೆ ಕೊಟ್ಟಿತು.

ಆದಕಾರಣ ಬಿತ್ತುವ ಕಾಲದಲ್ಲಿ ಸಭೆಯ ಹಿರಿಯರು ಸಭಾಪಾಲಕರ ಸಂಗಡ ಆಲೋಚಿಸಿ, ಆರಾಧನೆಯನ್ನು ಸೂರ್ಯೋದಯಕ್ಕೆ ಮುಂಚೆಯೋ ರಾತ್ರಿ ದೀಪ ಹಚ್ಚಿದ ಮೇಲೆಯೋ ಇಟ್ಟುಕೊಳ್ಳುವದು ಯುಕ್ತವಾಗಿದೆ. ಸ್ವಂತ ಹೊಲವುಳ್ಳವರು ತಮ್ಮ ಆಳುಗಳಿಗೆ ಆ ಗಳಿಗೆಯನ್ನು ಕೊಡಲಿ; ತಾನು ದೇವಾಲಯದಲ್ಲಿ ಕೂತು ಕೂಲಿಯವನನ್ನು ಹೊಲದಲ್ಲಿ ನಿಲ್ಲಿಸುವದು ವಿಶ್ರಾಂತಿಯ ದಿನವನ್ನು ಆಚರಿಸಿದಂತಲ್ಲ. ವಿಧವೆಯ ಹೊಲವಿದ್ದರೆ ಸಭೆಯವರು ಸೋಮವಾರ ಎಲ್ಲರಿಗಿಂತ ಮೊದಲು ಅಲ್ಲಿ ಕೂರಿಗೆ ಹೂಡಲಿ. ಆಗ ದೇವರಿಗೆ ಕೊಟ್ಟ ದಿನದಿಂದ ಯಾರಿಗೂ ನಷ್ಟವಾಗದಂತೆ ಒಬ್ಬರನ್ನೊಬ್ಬರು ಕಾಯ್ದುಕೊಂಡಂತಾಗುವದು.

೫. ಮನೆಯಲ್ಲಿ ನಡಿಸತಕ್ಕ ಕ್ರಮ

ಮೊದಲನೆಯದು, ಬೆಳಗಿನ ಪ್ರಾರ್ಥನೆ. ನೊಗ ಹೂಡುವದಕ್ಕೆ ಮೊದಲು, ಒಲೆ ಹೊತ್ತಿಸುವದಕ್ಕೆ ಮೊದಲು, ಮನೆಯವರೆಲ್ಲಾ ಐದು ನಿಮಿಷ ಕೂಡಿರಲಿ. ಬಳ್ಳಾರಿಯಲ್ಲಿ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಅನೇಕ ವರ್ಷ ಕಷ್ಟಪಟ್ಟದ್ದರಿಂದ ೧೮೩೧ರಲ್ಲಿ ಇಡೀ ಸತ್ಯವೇದವು ಕನ್ನಡದಲ್ಲಿ ಸಿಕ್ಕಿತು. ಅದು ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿ ಇಡುವದಕ್ಕೋಸ್ಕರವಲ್ಲ. ಹಿರಿಯರಿಗೆ ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗುವು ನಾಲ್ಕು ವಚನಗಳನ್ನು ಓದಲಿ. ಹೊಲದ ದಾರಿಯಲ್ಲಿ ಅವುಗಳಲ್ಲಿ ಒಂದನ್ನು ಎಲ್ಲರೂ ಮನಸ್ಸಿನಲ್ಲಿ ಮೆಲುಕು ಹಾಕಲಿ.

ಎರಡನೆಯದು, ಮಕ್ಕಳು. ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿದ್ದ ಸುಸನ್ನಾ ವೆಸ್ಲಿಯು ಹತ್ತೊಂಬತ್ತು ಮಕ್ಕಳನ್ನು ಹೆತ್ತಳು. ಹತ್ತು ಮಕ್ಕಳು ಬದುಕಿ ಬೆಳೆದರು. ಮನೆಯಲ್ಲಿ ಸಾಲವೂ ಕಾಯಿಲೆಯೂ ಇದ್ದವು. ಆದರೂ ಅವಳು ವಾರದ ಸಾಯಂಕಾಲಗಳನ್ನು ಮಕ್ಕಳಿಗೆ ಹಂಚಿಕೊಟ್ಟು, ಪ್ರತಿಯೊಬ್ಬರ ಸಂಗಡ ಬೇರೆಬೇರೆಯಾಗಿ ಕೂತು ದೇವರ ವಿಷಯವಾಗಿ ಮಾತಾಡುತ್ತಿದ್ದಳು. ಆ ಮಕ್ಕಳಲ್ಲಿ ಒಬ್ಬನು ಜಾನ್ ವೆಸ್ಲಿ. ಅವನ ಹೆಸರನ್ನು ಹೊಂದಿದ ವೆಸ್ಲಿಯನ್ ಮಿಷನ್ ಮೈಸೂರು ಸೀಮೆಯಲ್ಲಿ ಬಹಳ ವರ್ಷ ಸೇವೆ ಮಾಡಿತು. ಒಬ್ಬ ತಾಯಿಯು ಅಡಿಗೆಯ ಮನೆಯ ಗದ್ದಲದ ನಡುವೆ ಎತ್ತಿಟ್ಟ ಸಾಯಂಕಾಲಗಳ ಫಲವು ನಮ್ಮ ನಾಡಿನ ವರೆಗೂ ಬಂತು.

ಮೂರನೆಯದು, ಮೊದಲಿನ ಪಾಲು. ಚಾರೆಪ್ತದ ವಿಧವೆಯ ಬಳಿಯಲ್ಲಿ ಒಂದು ಹಿಡಿ ಹಿಟ್ಟು ಮಾತ್ರ ಇದ್ದಾಗ, ಎಲೀಯನು ಮೊದಲು ತನಗೆ ಒಂದು ಸಣ್ಣ ರೊಟ್ಟಿಯನ್ನು ಮಾಡಿಕೊಡು ಎಂದು ಕೇಳಿದನು (೧ ಅರಸು ೧೭). ಅವಳು ಉಳಿದದ್ದನ್ನು ಕೊಡಲಿಲ್ಲ, ಮೊದಲಿನದನ್ನು ಕೊಟ್ಟಳು. ಮಿಜೋರಾಮಿನ ಕ್ರೈಸ್ತ ಸ್ತ್ರೀಯರು ೧೯೧೦ರ ಸುಮಾರಿನಿಂದ ಇಂದಿನ ವರೆಗೂ, ಅನ್ನಕ್ಕೆ ಇಡುವಾಗಲೆಲ್ಲಾ ಮೊದಲು ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದಿಡುತ್ತಾರೆ. ಆ ಹಿಡಿ ಅಕ್ಕಿಯಿಂದ ಅಲ್ಲಿಯ ಸುವಾರ್ತಾಸೇವೆಗೆ ದೊಡ್ಡ ಸಹಾಯವಾಗಿದೆ. ಹಣವಿಲ್ಲದ ಮನೆಯಲ್ಲಿಯೂ ಗಡಿಗೆಯಂತೂ ಒಲೆಯ ಮೇಲೆ ಏರುವದು. ನಮ್ಮ ರಾಗಿಯ ಹಿಟ್ಟಿನಿಂದಲೂ ಜೋಳದಿಂದಲೂ ಇದನ್ನು ಮಾಡಬಹುದು.

ನಾಲ್ಕನೆಯದು, ಸಾಲ. ಮದುವೆಯಲ್ಲಿ ಊರು ಮೆಚ್ಚಲೆಂದು ಸಾಲ ಮಾಡುವವನು ತನ್ನ ಮುಂದಿನ ಆದಿತ್ಯವಾರಗಳನ್ನು ಮೊದಲೇ ಮಾರಿಬಿಡುತ್ತಾನೆ. ಸಾಲಗಾರನು ಸಾಲ ಕೊಟ್ಟವನಿಗೆ ಸೇವಕನಾಗುವನೆಂದು ಜ್ಞಾನೋಕ್ತಿಗಳಲ್ಲಿ ಬೋಧಿಸಲ್ಪಟ್ಟಿದೆ. ಎರಡು ದಿನದ ಮೆರವಣಿಗೆಗೋಸ್ಕರ ಹತ್ತು ವರ್ಷದ ಸ್ವಾತಂತ್ರ್ಯವನ್ನು ಒತ್ತೆಯಿಡಬೇಡಿರಿ.

ಸಮಾಪ್ತಿ

ಇವುಗಳನ್ನೆಲ್ಲಾ ಭಾರವಾದ ನೊಗವೆಂದು ಯಾರೂ ತಿಳಿಯದಿರಲಿ. ನಾವು ದೇವರನ್ನು ಮೊದಲಿಡುವದಕ್ಕೆ ಮುಂಚೆ ಆತನು ನಮ್ಮನ್ನು ಮೊದಲಿಟ್ಟನು. ನಾವು ಇನ್ನೂ ಪಾಪಿಗಳಾಗಿರುವಾಗಲೇ ತನ್ನ ಮಗನನ್ನು ನಮಗೋಸ್ಕರ ಒಪ್ಪಿಸಿಕೊಟ್ಟನು. ತನ್ನಲ್ಲಿ ಉಳಿದ ಚೂರನ್ನಲ್ಲ, ತನಗೆ ಅತಿಪ್ರಿಯನಾದವನನ್ನೇ ಕೊಟ್ಟನು.

ಮಾರ್ಥಳ ಕಥೆಯು ಆ ಮೊದಲಿನ ದಿನಕ್ಕೆ ಮುಗಿಯಲಿಲ್ಲ. ತಮ್ಮನು ಸತ್ತ ದುಃಖದಲ್ಲಿ ಅವಳು ಸ್ವಾಮಿಯನ್ನು ಎದುರುಗೊಂಡು, ಆತನೇ ಕ್ರಿಸ್ತನೂ ದೇವಕುಮಾರನೂ ಎಂದು ಅರಿಕೆಮಾಡಿದಳು. ತರುವಾಯ ಪಸ್ಕಹಬ್ಬಕ್ಕೆ ಆರು ದಿನ ಮುಂಚೆ ಬೇಥಾನ್ಯದಲ್ಲಿ ಸ್ವಾಮಿಗೆ ಊಟ ಮಾಡಿಸಿದರು. ಅಲ್ಲಿಯೂ ಮಾರ್ಥಳು ಉಪಚಾರ ಮಾಡುತ್ತಿದ್ದಳೆಂದು ಯೋಹಾನನು ಬರೆದಿದ್ದಾನೆ (ಯೋಹಾನ ೧೨: ೨). ಅದೇ ಹೆಂಗಸು, ಅದೇ ಕೆಲಸ. ಮರಿಯಳು ಈ ಸಾರಿಯೂ ಸ್ವಾಮಿಯ ಪಾದಗಳ ಬಳಿಯಲ್ಲಿದ್ದಳು. ಆದರೆ ಈ ಸಾರಿ ಮಾರ್ಥಳ ಬಾಯಿಂದ ಒಂದು ದೂರೂ ನಮಗೆ ಕೇಳಿಬರುವದಿಲ್ಲ. ಕರ್ತನು ಅವಳ ಕೈಯಿಂದ ಸೌಟನ್ನು ಕಿತ್ತುಕೊಳ್ಳಲಿಲ್ಲ. ಅವಳ ಹೃದಯದ ಮೊದಲನೆಯ ಸ್ಥಳವನ್ನು ತಾನೇ ತೆಗೆದುಕೊಂಡನು. ನಮ್ಮ ಕೈಯಲ್ಲಿರುವ ನೇಗಿಲೂ ಬೀಸುವ ಕಲ್ಲೂ ಬಳಪವೂ ತಕ್ಕಡಿಯೂ ಹಾಗೆಯೇ ಇರಲಿ. ಮೊದಲನೆಯ ಸ್ಥಳವು ಆತನದಾಗಲಿ.

ಮನೆಯವರೊಡನೆ ಆಲೋಚಿಸತಕ್ಕ ಪ್ರಶ್ನೆಗಳು

೧. ನಮ್ಮನ್ನು ಪ್ರಾರ್ಥನೆಯಿಂದ ಎಳೆಯುವದು ಹೊಲವೋ, ಎತ್ತೋ, ಮನೆಯ ಕಾರ್ಯವೋ, ಸಾಲವೋ?

೨. ಕಳೆದ ಒಂದು ತಿಂಗಳಲ್ಲಿ ದೇವರಿಗೆ ನಾವು ಕೊಟ್ಟದ್ದು ಮೊದಲಿನದೋ, ಉಳಿದದ್ದೋ?

೩. ಈ ಬಿತ್ತುವ ಕಾಲದಲ್ಲಿ ಕುಟುಂಬ ಪ್ರಾರ್ಥನೆಗೆ ಯಾವ ಹೊತ್ತನ್ನು ಗೊತ್ತುಮಾಡೋಣ?

೪. ನಮ್ಮ ಸಭೆಯಲ್ಲಿ ಯಾರ ಹೊಲಕ್ಕೆ, ಯಾರ ಮನೆಗೆ ನಾವು ಕೈಕೊಟ್ಟರೆ ಅವರಿಗೂ ಆರಾಧನೆಗೆ ಬರುವದಕ್ಕೆ ಬಿಡುವಾಗುವದು?